ಬಸ್ಸು ಹೋಗದ ಕಣಿವೆ

ಏಪ್ರಿಲ್ 9, ಸಂಜೆ

ಬೆಳಗ್ಗೆ ಎಂದಿನಂತೆ ಕೌಂಟರ್. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡಿತ್ತು. ಎಳೆಯುತ್ತ ಕೂತಿದ್ದೆ. ಅಷ್ಟರಲ್ಲಿ ಯಜಮಾನರು ಒಳಗೆ ಕರೆದರು. ಸೀನಿಯರ್ ಗೈಡ್‌ಗೆ ಆಪರೇಷನ್ ಅಂತೆ. ಗುರುವಾರ ಹೊರಡುವ ಬೌದ್ಧ ದೇವಾಲಯಗಳ ಟೂರ್ ಕರೆದುಕೊಂಡು ಹೋಗಲು ಯಾರೂ ಇಲ್ಲ.

"ಬ್ರೋಷರ್ ಪೂರ್ತಿ ನಿಂಗೆ ಬಾಯಿಪಾಠ ತಾನೆ? ನೀನೇ ಹೋಗು. ಚೆನ್ನಾಗಾದ್ರೆ ಇನ್ಮುಂದೆ ನೀನೇ ಗೈಡು. ಎಡವಟ್ಟಾದ್ರೆ ವಾಪಸ್ ಕೌಂಟರು."

ನಾನು! "ಮೋಡದ ಮಟ್ಟದಲ್ಲಿ ಬುದ್ಧ, ಸಾರ್, ತಪ್ಪಿಸ್ಕೋಬೇಡಿ" ಎಂದು ಫೋನಿನಲ್ಲಿ ಹೇಳಿ ಹೇಳಿ ನಾಲಗೆ ಸವೆದಿದೆ. ನೋಡಿದ್ದು ಮಾತ್ರ ಫೋಟೋ. ಊರಿಗೆಲ್ಲ ದಾರಿ ತೋರಿಸಿ ತಾನು ಕೈಮರದ ಹಾಗೆ ಅಲ್ಲೇ ನಿಂತವಳು... ನಲವತ್ತೊಂದು ದಾಟಿದ ಮೇಲೆ ಕೈಮರಕ್ಕೆ ಕಾಲು ಬಂತು.

ಅಮ್ಮನಿಗೆ ಹೇಳಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. "ಹೌದಾ" ಎಂದಳು. ಟಿವಿ ಜೋರು ಮಾಡಿದಳು. ಅಷ್ಟೇ.

ಏಪ್ರಿಲ್ 11, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ರಸ್ತೆ ಚೆನ್ನಾಗಿಯೇ ಇದೆ — ಕುಣಿಯುತ್ತಿರುವುದು ನಾನು.

ಮನೆ ಬಿಡುವಾಗ ಅಮ್ಮ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ಮಲಗಿದ್ದಳು. ಬೇಜಾರಿನಿಂದಲೇ ಬಂದೆ. ಬ್ರಾಂಚ್ ಆಫೀಸಿನ ಮುಂದೆ ಉಳಿದವರನ್ನು ಹತ್ತಿಸಿಕೊಂಡೆವು. ಕೊನೇ ಗಳಿಗೆಯಲ್ಲಿ ಒಬ್ಬರು ಸೇರಿದ್ದಾರೆ ಎಂದು ಮೆಸೇಜ್ ಬಂದಿತ್ತು. ಟ್ಯಾಕ್ಸಿಯಿಂದ ಇಳಿದರು ಆ ಒಬ್ಬರು. ಟೋಪಿ, ಕಪ್ಪು ಕನ್ನಡಕ, ಹೊಚ್ಚಹೊಸ ಶೂ.

ಅಮ್ಮ!

ಬಾಯಿ ತೆರೆಯುವ ಮೊದಲೇ ತಡೆದಳು. "ಟಿಕೆಟ್ ತಗೊಂಡಿದ್ದೀನಿ. ಇಲ್ಲಿ ನಾನು ಪ್ಯಾಸೆಂಜರು, ನೀವು ಗೈಡ್ ಮೇಡಂ. ಮನೆ ವಿಷಯ ಮನೇಲಿ."

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವಳು. ಆ ಗಂಟಲಿಗೆ ಎದುರಾಡಿದವರಿಲ್ಲ. ಹೋಗಿ ಕಿಟಕಿ ಪಕ್ಕ ಕೂತಳು. ಉಳಿದವರು ನಾಲ್ಕು ಜನ — ಒಬ್ಬ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಬ್ಯಾಂಕಿನಿಂದ ರಿಟೈರ್ ಆದ ಅಕ್ಕ-ತಂಗಿ. ಅಕ್ಕ-ತಂಗಿಗೆ ಮಾತಿಗಿಂತ ಮುಂಚೆ ನಗು. ಡಾಕ್ಟರಿಗೆ ನಗುವೇ ಇಲ್ಲ. ಹಲ್ಲು ರಿಪೇರಿ ಮಾಡುವವರಿಗೆ ಹಲ್ಲು ಬಿಡಲು ಏನು ಕಷ್ಟವೋ.

ಏಪ್ರಿಲ್ 12, ಮಧ್ಯಾಹ್ನ

ಮೊದಲ ದೇವಾಲಯ. ಹೊರಗೆ ಭರ್ಜರಿಯಾಗಿ ಶುರು ಮಾಡಿದೆ. ಯಾವ ಶತಮಾನ, ಎಷ್ಟು ಅಂತಸ್ತು, ಎಲ್ಲ ನೀರು ಕುಡಿದ ಹಾಗೆ. ಶೂ ಬಿಚ್ಚಿ ಒಳಗೆ ಕಾಲಿಟ್ಟೆ... ಮುಗಿಯಿತು.

ಕತ್ತಲು. ಹಳೇ ಮರದ ವಾಸನೆ. ಕಣ್ಣು ಹೊಂದಿಕೊಂಡಂತೆ ಮೊದಲು ದೀಪ, ಆಮೇಲೆ ಒಂದು ಮೊಣಕಾಲು. ಬುದ್ಧನ ಮೊಣಕಾಲೇ ನನ್ನ ತಲೆಗಿಂತ ಎತ್ತರ! ಮುಖ ಎಲ್ಲೋ ಮೇಲೆ, ಅರ್ಧ ಬೆಳಕಿನಲ್ಲಿ. ಎಷ್ಟು ಅಡಿ ಎಂದು ಗೊತ್ತಿತ್ತು. ಅಡಿ ಗೊತ್ತಿದ್ದರೆ ಎತ್ತರ ಗೊತ್ತಿದ್ದ ಹಾಗಲ್ಲ.

"ಇವರು..." ಎಂದೆ. ಮುಂದೆ ಒಂದಕ್ಷರ ಹೊರಡಲಿಲ್ಲ.

ಡಾಕ್ಟರು ಗೊಣಗಿದರು, "ಗೈಡೇ ಬಾಯಿ ಬಿಡದಿದ್ರೆ ಹೇಗ್ರೀ?"

ಹಿಂದಿನಿಂದ ಅಮ್ಮ, "ಸ್ವಲ್ಪ ನೋಡೋಕೆ ಬಿಡಿ ಸಾರ್. ಬಾಯಿ ಬಿಡಿಸೋದು ನಿಮ್ಮ ಕ್ಲಿನಿಕ್‌ನಲ್ಲಿ."

ಅಕ್ಕ-ತಂಗಿ ಮುಸಿಮುಸಿ ನಕ್ಕರು. ಡಾಕ್ಟರ ಹೆಂಡತಿಯೂ! ಆಮೇಲೆ ಎಲ್ಲರೂ ಸುಮ್ಮನೆ ನಿಂತು ಮೇಲೆ ನೋಡಿದೆವು. ಹೊರಗೆ ಬಂದಾಗ ಅಕ್ಕ ನನ್ನ ಕೈ ಹಿಡಿದು, "ಆ ಸೈಲೆನ್ಸ್ ಕೊಟ್ರಲ್ಲ, ಅದು ತುಂಬ ಚೆನ್ನಾಗಿತ್ತು" ಎಂದರು. ಹೌದು ಎಂದು ತಲೆಯಾಡಿಸಿದೆ. ಇನ್ನೇನು ಹೇಳಲಿ!

ಏಪ್ರಿಲ್ 15

ಬರೆಯಲು ಪುರುಸೊತ್ತೇ ಇರಲಿಲ್ಲ. ಎರಡು ಕಣಿವೆ ದಾಟಿದೆವು. ತಿರುವು ತಿರುವಿಗೂ ಬೆಟ್ಟ ಬಣ್ಣ ಬದಲಿಸುತ್ತದೆ — ಹಸಿರು, ತಾಮ್ರ, ಬೂದಿ. ನಿನ್ನೆಯ ವಿಹಾರದಲ್ಲಿ ಭಿಕ್ಷುಗಳು ಒಂದೇ ಉಸಿರಿನಲ್ಲಿ ಮಂತ್ರ ಹೇಳುವಾಗ ನೆಲದ ಹಲಗೆ ನನ್ನ ಅಂಗಾಲಿನ ಕೆಳಗೆ ನಡುಗುತ್ತಿತ್ತು. ಅದನ್ನೇ ಹೇಳಿದೆ, "ಕಿವಿಯಲ್ಲಿ ಬೇಡ, ಕಾಲಲ್ಲಿ ಕೇಳಿ." ಎಲ್ಲರೂ ಕೇಳಿದರು. ಬ್ರೋಷರ್ ಬ್ಯಾಗಿನ ತಳ ಸೇರಿದೆ.

ಅಮ್ಮ ಇನ್ನೂ ಮೇಡಂ ಎಂದೇ ಕರೆಯುತ್ತಾಳೆ. ರೂಮಿನಲ್ಲೂ.

ನಾಳೆ ಕೊನೆಯ ಜಾಗ. ಬಂಡೆಯ ಹೊಟ್ಟೆಯೊಳಗಿನ ದೇವಾಲಯ. ನನ್ನ ಕೌಂಟರಿನ ಹಿಂದಿನ ಗೋಡೆಯಲ್ಲಿರುವ ಪೋಸ್ಟರು ಅದರದೇ!

ಏಪ್ರಿಲ್ 16, ಬೆಳಗ್ಗೆ, ರಸ್ತೆ ಬದಿ

ಗುಡ್ಡ ಜರಿದಿದೆ. ಮುಂದೆ ರಸ್ತೆಯೇ ಇಲ್ಲ. ಎರಡು ದಿನವಾದರೂ ಬೇಕು ಎಂದ ಡ್ರೈವರಣ್ಣ.

ಯಜಮಾನರಿಗೆ ಫೋನ್. "ವಾಪಸ್ ತಿರುಗಿಸು. ಪೇಟೇಲಿ ಶಾಪಿಂಗ್ ಮಾಡ್ಸು. ದೇವಸ್ಥಾನ ರಿಪೇರಿಗೆ ಮುಚ್ಚಿದೆ ಅಂದ್ಬಿಡು. ರಸ್ತೆ ಅಂದ್ರೆ ಕಾಯ್ತೀವಿ ಅಂತ ಕೂರ್ತಾರೆ."

ಹೂಂ ಎಂದೆ. ಫೋನ್ ಇಟ್ಟೆ. ತಿರುಗಿದರೆ ಐದು ಮುಖ ನನ್ನನ್ನೇ ನೋಡುತ್ತಿವೆ.

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ.

"ರಸ್ತೆ ಹೋಗಿದೆ. ದೇವಸ್ಥಾನ ಇದೆ. ಹಿಂದೆ ಹೋಗಿ ಅಂತ ಆಫೀಸ್ ಹೇಳ್ತಿದೆ. ಕುದುರೆಯವರ ಹಳೇ ಕಾಲುದಾರಿ ಒಂದಿದೆಯಂತೆ. ಅರ್ಧ ದಿನದ ನಡಿಗೆ. ನಾನೂ ಈ ದಾರಿ ನೋಡಿಲ್ಲ... ಇಲ್ಲಿವರೆಗೂ ನೋಡಿದ ಯಾವುದನ್ನೂ ಮುಂಚೆ ನೋಡಿರಲಿಲ್ಲ. ನೀವು ಹೇಳಿ."

ಮೊದಲು ತಂಗಿ ಬಾಯಿಬಿಟ್ಟರು, "ಅಕ್ಕಾ, ಮಂಡಿಗೆ ಪಟ್ಟಿ ಕಟ್ಕೋ."

ಪಕ್ಕದ ಹಳ್ಳಿಯ ಕುದುರೆಯವನೊಬ್ಬ ಕುದುರೆಗಳನ್ನು ಹೊಂದಿಸಿಕೊಡುತ್ತಿದ್ದಾನೆ. ಲಗೇಜಿಗೆ ಡ್ರೈವರಣ್ಣನೇ ಕಾವಲು. ಹೊರಟೆವು!

ಏಪ್ರಿಲ್ 16, ಸಂಜೆ, ವಿಹಾರದ ಜಗಲಿ

ಬಂದೆವು ಬಂದೆವು ಬಂದೆವು.

ಕಾಲು ನನ್ನವಲ್ಲ. ಇರಲಿ. ಮರೆಯುವ ಮುಂಚೆ ಬರೆಯಬೇಕು.

ನಡುವೆ ತೂಗುಸೇತುವೆ. ಕೆಳಗೆ ನೊರೆ ನೊರೆ ನದಿ. ಕುದುರೆಗಳೂ ದಾಟಿದವು. ಡಾಕ್ಟರು ಮಾತ್ರ ಅರ್ಧಕ್ಕೆ ಹೋಗಿ ನಿಂತುಬಿಟ್ಟರು. ಹಗ್ಗ ಹಿಡಿದ ಕೈ ಬೆಳ್ಳಗಾಗಿತ್ತು. "ಆಗಲ್ಲ... ನನ್ ಕೈಲಾಗಲ್ಲ." ಹೆಂಡತಿ ಈಚೆ ದಡದಲ್ಲಿ ಅಳುತ್ತಿದ್ದರು. ನಾನು ಹತ್ತಿರ ಹೋಗಲು ಕಾಲಿಟ್ಟರೆ ಸೇತುವೆ ಇನ್ನೂ ತೂಗಿತು. ಡಾಕ್ಟರು ಕೂಗಿದರು. ಸುಳ್ಳೇ ಹೇಳಬೇಕಿತ್ತೇನೋ ಎಂದು ಮೊದಲ ಸಲ ಅನ್ನಿಸಿತು.

ಆಗ ಆಚೆ ದಡದಿಂದ ಅಮ್ಮನ ಧ್ವನಿ. ಜೋರಲ್ಲ. ಎಕ್ಸ್‌ಚೇಂಜಿನ ಧ್ವನಿ — ತಣ್ಣಗೆ, ಸ್ಪಷ್ಟವಾಗಿ.

"ಹಲೋ ಡಾಕ್ಟ್ರೇ. ಕೇಳಿಸ್ತಿದೆಯಾ?"

"...ಹೂಂ."

"ಲೈನಲ್ಲೇ ಇರಿ. ಕೆಳಗೆ ನೋಡ್ಬೇಡಿ, ನನ್ನ ಟೋಪಿ ನೋಡಿ. ಬಲಗಾಲು. ಸರಿ. ಈಗ ಎಡ. ಮಾತಾಡ್ತಾ ಬನ್ನಿ. ನನ್ನ ದವಡೆ ಹಲ್ಲು ಜುಮ್ ಅನ್ನುತ್ತೆ, ಏನ್ ಮಾಡ್ಲಿ?"

"ತಣ್ಣೀರು... ಕುಡಿದಾಗ್ಲಾ?"

"ಹೂಂ, ತಣ್ಣೀರು ಕುಡಿದಾಗ. ಬನ್ನಿ, ಬನ್ನಿ."

ಹಲ್ಲಿನ ಮಾತಾಡುತ್ತಲೇ ದಾಟಿಬಿಟ್ಟರು! ಆಚೆ ಕುಸಿದು ಕೂತು, ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಬಹಳ ಒಳ್ಳೆಯ ಹಲ್ಲು.

ಮತ್ತೆ ಏರು. ಕೊನೆಯ ತಿರುವು. ಕಣಿವೆ ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು. ಬಂಡೆ, ಬಂಡೆಯ ಮಡಿಲಲ್ಲಿ ಬಿಳಿ ಗೋಡೆ. ಪೋಸ್ಟರಿನಲ್ಲಿ ಗಾಳಿ ಇರಲಿಲ್ಲ. ನದಿಯ ಸದ್ದು ಇರಲಿಲ್ಲ.

ಒಳಗೆ ಗೋಡೆಯ ತುಂಬ ಚಿತ್ರದ ಬುದ್ಧ. ಬಲಗೈ ನೆಲ ಮುಟ್ಟುತ್ತಿದೆ. ಬೆರಳುಗಳು ಮಾಸಿ ಹೋಗಿವೆ — ಎಷ್ಟು ಜನ ಮುಟ್ಟಿದ್ದಾರೋ. ಹೇಳಿದೆ, "ಇಲ್ಲಿ ಕೂರೋಕೆ ನಿನಗೇನು ಹಕ್ಕು ಅಂತ ಧ್ಯಾನ ಕೆಡಿಸೋಕೆ ಬಂದ ಮಾರ ಕೇಳಿದ. ಬುದ್ಧ ವಾದ ಮಾಡ್ಲಿಲ್ಲ. ನೆಲ ಮುಟ್ಟಿದ, ನೆಲಾನೇ ಸಾಕ್ಷಿ ಅಂತ. ಇವತ್ತು ನಮಗೂ ಅಷ್ಟೇ. ನಮ್ಮ ಕಾಲೇ ಹೇಳುತ್ತೆ."

ಅಮ್ಮ ಕೈ ಎತ್ತಿದಳು. "ಮೇಡಂ, ಒಂದು ಡೌಟು. ಅವನು ಮನೆ ಬಿಟ್ಟು ಹೊರಟಾಗ ಅವನಮ್ಮ ಏನ್ ಮಾಡಿದ್ಳು?"

"ಹೆತ್ತವಳು ಅವನು ಹುಟ್ಟಿದ ವಾರಕ್ಕೇ ತೀರ್ಕೊಂಡ್ಳು. ಸಾಕಿದ್ದು ಚಿಕ್ಕಮ್ಮ. ಎಷ್ಟೋ ವರ್ಷ ಆದ್ಮೇಲೆ ಅವಳೂ ಅವನಿದ್ದಲ್ಲಿಗೆ ನಡೆದೇ ಹೋದ್ಳು. ಕಾಲು ಊದ್ಕೊಂಡು, ಮೈಯೆಲ್ಲ ಧೂಳು."

"ಒಳಗೆ ಬಿಟ್ಟನಾ?"

"ಮೊದಲು ಬೇಡ ಅಂದ. ಆಮೇಲೆ... ಬಿಟ್ಟ."

ಅಮ್ಮ ತನ್ನ ಕಾಲು ನೋಡಿಕೊಂಡಳು. ಊದಿತ್ತು. ಧೂಳೂ ಇತ್ತು.

ಆಮೇಲೆ ಜಗಲಿಯಲ್ಲಿ ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದೆ. ಅವಳೇ ಹೇಳಿದಳು, "ಊಟದ ಹೊತ್ತಲ್ಲೂ ಫೋನಲ್ಲಿ ಈ ಜಾಗ ಹೊಗಳ್ತಿದ್ದೆ. ಕೇಳಿ ಕೇಳಿ ನನಗೂ ಆಸೆ ಹತ್ತಿತ್ತು ಕಣೇ. ಯಾರ್ಯಾರನ್ನೋ ಕರೆದೆ. ನನ್ನ ಕರೀಲಿಲ್ಲ ನೀನು."

"ನಿನಗೆ ಬರೋಕಿಷ್ಟ ಅಂತ..."

"ಸರಿ, ಎಡಗಾಲು ತಿಕ್ಕು."

ಏಪ್ರಿಲ್ 18, ಬೆಳಗ್ಗೆ

ಸ್ವಲ್ಪ ಸಿಗ್ನಲ್ ಬಂತು. ಯಜಮಾನರ ಮೆಸೇಜ್ — "ಹೇಳಿದ ಮಾತು ಕೇಳದವಳು ಕೌಂಟರಿಗೂ ಬರಬೇಡ." ಓದಿದೆ. ಹೊಟ್ಟೆಯಲ್ಲಿ ಸಂಕಟ ಆಗುತ್ತದೇನೋ ಎಂದು ಕಾದೆ. ಆಗಲಿಲ್ಲ. ಹಸಿವಾಯಿತು.

ರಸ್ತೆ ನಾಳೆ ತೆರೆಯುತ್ತದಂತೆ. ಇವತ್ತು ಖಾಲಿ. ಎದುರಿನ ಬೆಟ್ಟದ ಏಣು ದಾಟಿದರೆ ಇನ್ನೊಂದು ಕಣಿವೆ ಇದೆ, ಒಂದು ಗುಹೆ, ಅದರಲ್ಲೂ ಚಿತ್ರಗಳಿವೆ ಎಂದ ಕುದುರೆಯವನು. ಯಾವ ಬ್ರೋಷರಿನಲ್ಲೂ ಇಲ್ಲ.

ನಿಜ ಹೇಳಿಬಿಟ್ಟೆ. "ನನ್ನ ಕೆಲಸ ಹೋಯ್ತು. ಆ ಗುಹೆ ಬಗ್ಗೆ ನನಗೆ ಒಂದಕ್ಷರ ಗೊತ್ತಿಲ್ಲ."

ಡಾಕ್ಟರು ಶೂ ಲೇಸ್ ಬಿಗಿಯುತ್ತ, "ನಮಗೂ ಗೊತ್ತಿಲ್ಲ ಬಿಡಮ್ಮ. ಸೇತುವೆ ಇದೆಯಾ, ಅಷ್ಟು ಕೇಳು."

ಇದೆಯಂತೆ. ಎರಡು! ಅಕ್ಕ-ತಂಗಿ ಆಗಲೇ ಅಂಗಳದಲ್ಲಿದ್ದಾರೆ. ಏಣಿನ ಮೇಲೆ ಬಿಸಿಲು ಬಿದ್ದಿದೆ. ಅಲ್ಲಿಂದ ಏನು ಕಾಣಿಸುತ್ತದೋ, ಒಂದು ಊಹೆಯೂ ಇಲ್ಲ, ಯಾವ ಫೋಟೋನೂ ನೋಡಿಲ್ಲ, ಅಮ್ಮನ ಕೈ ಹಿಡಿದು ನಾನೇ ಮೊದಲು ಹತ್ತಿ ನೋಡುತ್ತೇನೆ.