ಪರಸಿಹಾಳದ ಮುಷ್ಟಿ ಜೋಳ

ಪರಸಿಹಾಳ
೨೧೬೪ನೇ ಇಸವಿ, ಫೆಬ್ರವರಿ ಮೂವತ್ತು

ನನ್ನ ಅಜ್ಜಿಯ ಅಜ್ಜಿಯಾದ ಪದ್ಮಾವತಿ ಅವರಿಗೆ, ಶೇವಂತಿ ಹರಿಕಂತ್ರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ಪಾಪ, ಫೆಬ್ರವರಿಗೂ ಮೂವತ್ತರ ಭಾಗ್ಯ ಬಂದಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಇದನ್ನು ಓದುವಾಗ ನಿಮಗೆ ಮೂವತ್ತೂ ತುಂಬಿರಲಾರದು, ನನಗೆ ಎಂಬತ್ತು ದಾಟಿದೆ. ಹುಟ್ಟಿನಲ್ಲಿ ನೀವು ಹಿರಿಯರು, ವಯಸ್ಸಿನಲ್ಲಿ ನಾನು. ಆದ್ದರಿಂದ ನಮಸ್ಕಾರ ಮಾಡಿದ ಮೇಲೆ ಸ್ವಲ್ಪ ಬುದ್ಧಿಮಾತನ್ನೂ ಹೇಳುವ ಸಲುಗೆ ತೆಗೆದುಕೊಳ್ಳುತ್ತೇನೆ.

ನಮ್ಮ ಮಾಣಿಗಂಡಿ ಬಂದರನ್ನು ಹಡಗಿನವರು ಹಿಡಿದಾಗ ನಾನು ಅಲ್ಲಿನ ‘ಅಳಿವೆ’ ಪತ್ರಿಕೆಯಲ್ಲಿ ಹೊಸ ವರದಿಗಾರ್ತಿ. ಹಡಗಿನವರು ಎಂದರೆ ಯುದ್ಧ ಮಾಡಿ ಕರಾವಳಿಯನ್ನು ವಶಪಡಿಸಿಕೊಂಡವರು. ಅವರ ನಿಜವಾದ ಹೆಸರು ಬರೆಯುವುದಿಲ್ಲ. ನಿಮ್ಮ ಕಾಲದಲ್ಲಿ ಅವರು ಯಾರ ಶತ್ರುಗಳೂ ಅಲ್ಲ. ಬಂದ ವಾರದಲ್ಲೇ ಅವರು ನಮ್ಮ ಕಚೇರಿಗೆ ಬೀಗ ಜಡಿದರು. ಸಂಪಾದಕರಾದ ಪೆದ್ರು ಮಾಸ್ತರರು ನಮ್ಮನ್ನು ಕರೆದುಕೊಂಡು ಘಟ್ಟ ಹತ್ತಿ, ಬಯಲು ದಾಟಿ, ಕಲಬುರಗಿ ಸೀಮೆಯ ಈ ಕಲ್ಲುಗಣಿಯ ಊರಿಗೆ ಬಂದರು. ಇಲ್ಲಿ ಮನೆಗಳ ನೆಲ, ಗೋಡೆ, ಮಾಡು ಎಲ್ಲವೂ ಹಾಸುಗಲ್ಲು. ಮಧ್ಯಾಹ್ನದ ಬಿಸಿಲು ಈಗ ಮನುಷ್ಯರು ತಡೆಯುವಂಥದ್ದಲ್ಲವಾದ್ದರಿಂದ ಊರೆಲ್ಲ ನೆರಳುಬೀದಿಗಳಿವೆ, ಅಂದರೆ ಮೇಲೆ ಚಾವಣಿ ಹೊದಿಸಿದ ಬೀದಿಗಳು. ಅಲ್ಲೇ ಸಂತೆ, ಅಲ್ಲೇ ಶಾಲೆ, ಅಲ್ಲೇ ಮದುವೆ. ಅಂಥದೊಂದು ಬೀದಿಯ ಪಾಳುಬಿದ್ದ ಕಲ್ಲು ಪಾಲಿಷ್ ಶೆಡ್ಡಿನಲ್ಲಿ ‘ಅಳಿವೆ’ ಮತ್ತೆ ಶುರುವಾಯಿತು.

ಪತ್ರಿಕೆ ಎಂದರೆ ಕಾಗದವಲ್ಲ, ಉಲಿಹಾಳೆ. ವೀಳ್ಯದೆಲೆಯಷ್ಟು ತೆಳ್ಳಗಿನ ಹಾಳೆ; ಒಂದರ ಪಕ್ಕ ಇನ್ನೊಂದನ್ನಿಟ್ಟರೆ ಇದರ ಸುದ್ದಿ ಅದಕ್ಕೆ ದಾಟುತ್ತದೆ, ಕಿವಿಗೆ ಹಿಡಿದರೆ ಪಿಸುಗುಟ್ಟುತ್ತದೆ. ಮಾಣಿಗಂಡಿಯ ಹೆಂಗಸರು ಅದನ್ನು ಮೀನಿನ ಬುಟ್ಟಿಯ ತಳದಲ್ಲಿಟ್ಟು ಕೇರಿಯಿಂದ ಕೇರಿಗೆ ಒಯ್ಯುತ್ತಿದ್ದರು. ಯಾರನ್ನು ಎಳೆದೊಯ್ದರು, ಯಾರು ತಿರುಗಿ ಬಂದರು, ಯಾವ ಬಾವಿಗೆ ಕಾವಲು ಬಿತ್ತು ಎಂಬುದೆಲ್ಲ ಅವರಿಂದಲೇ ನಮಗೆ ಬರುತ್ತಿತ್ತು. ನಾವು ಅದನ್ನು ಇನ್ನಿಬ್ಬರು ಮೂವರಲ್ಲಿ ವಿಚಾರಿಸಿ, ಖಚಿತವಾದ ಮೇಲೆ ಅವರಿಗೇ ತಿರುಗಿ ಕಳುಹಿಸುತ್ತಿದ್ದೆವು. ತಮ್ಮೂರಿನ ಸುದ್ದಿ ತಿಳಿಯಲು ಅವರಿಗೆ ಬೇರೆ ದಾರಿಯಿರಲಿಲ್ಲ.

ಮೊದಲು ದೂರದೇಶದ ಒಂದು ಸಂಸ್ಥೆ ನಮ್ಮ ಖರ್ಚು ನೋಡಿಕೊಂಡಿತು. ಆಮೇಲೆ ಇನ್ನೆಲ್ಲೋ ಹೊಸ ಯುದ್ಧ ಹುಟ್ಟಿ, ನಮ್ಮದು ಹಳೆಯದಾಯಿತು. ನೆರವು ನಿಂತಿತು. ಆಗ ಒಬ್ಬ ಧಣಿ ಬಂದ. ಪತ್ರಿಕೆಯ ಪೂರ್ತಿ ಭಾರ ಹೊರುತ್ತೇನೆ, ಹಡಗಿನವರಿಗೆ ತಾನು ಮರಳು ಸಾಗಿಸುವ ವಿಷಯವೊಂದನ್ನು ಮಾತ್ರ ಬರೆಯಬೇಡಿ ಎಂದ. ಮಾಸ್ತರರು ಅವನಿಗೆ ಚಹಾ ಕೊಟ್ಟು, ಬಾಗಿಲ ತನಕ ಹೋಗಿ ಕಳುಹಿಸಿದರು. ಮುಂದಿನ ಹುಣ್ಣಿಮೆಗೆ ಪತ್ರಿಕೆ ನಿಲ್ಲುತ್ತದೆ ಎಂದು ಅಂದೇ ಓದುಗರಿಗೆ ತಿಳಿಸಿದೆವು. ಧಣಿಯ ಮರಳಿನ ಸುದ್ದಿಯೂ ಅದೇ ಸಂಚಿಕೆಯಲ್ಲಿತ್ತು.

ನಾವು ಉಣ್ಣುತ್ತಿದ್ದದ್ದು ಗುಂಡಮ್ಮನ ಖಾನಾವಳಿಯಲ್ಲಿ. ಗಟ್ಟಿ ಹೆಂಗಸು, ರೊಟ್ಟಿ ಬಡಿದರೆ ಬೀದಿಗೆಲ್ಲ ಕೇಳಬೇಕು. ಸುದ್ದಿ ತಿಳಿದು ಶೆಡ್ಡಿಗೇ ಬಂದಳು.

“ನಿಮ್ಮೂರ ಸುದ್ದಿ ಕೇಳಿ ನಾವೂ ಅತ್ತೀವ್ರಿ ಮಾಸ್ತರ. ನಮ್ಮೂರಾಗ ಕಲ್ಲಿನ ಧೂಳು ಕುಡದು ಮಂದಿ ಸಾಯಾಕತ್ತಾರ. ಅದನ್ಯಾರು ಬರೀತಾರ?”

ಮಾಸ್ತರರು ತಲೆ ತಗ್ಗಿಸಿದರು. ಇದೇ ಊರಿನ ಅನ್ನ ತಿನ್ನುತ್ತ ನಾವು ಈ ಊರಿನ ಕೆಮ್ಮು ಕೇಳಿಸಿಕೊಂಡಿರಲಿಲ್ಲ. “ಬರೀವ ಗುಂಡಮ್ಮ,” ಎಂದರು. “ಆದ್ರೆ ಬರೀಲಿಕ್ಕೆ ಕೂತ್ರೆ ಎಲ್ಲಾನೂ ಬರೀವ.”

ಗುಂಡಮ್ಮ ಮನೆಮನೆ ತಿರುಗಿದಳು. ರೊಟ್ಟಿ ಬಡಿಯುವ ಮುಂಚೆ ಒಂದು ಮುಷ್ಟಿ ಜೋಳ ‘ಅಳಿವೆ’ಗೆಂದು ತೆಗೆದಿಡಿ ಎಂದಳು. ಆ ಜೋಳದ ರೊಟ್ಟಿ ಖಾನಾವಳಿಯಲ್ಲಿ ಮಾರಿ, ಬಂದದ್ದನ್ನು ನಮಗೆ ಕೊಡುತ್ತಿದ್ದಳು. ಹುಣ್ಣಿಮೆ ಕಳೆಯಿತು, ಪತ್ರಿಕೆ ನಿಲ್ಲಲಿಲ್ಲ. ಮಾಣಿಗಂಡಿಯಿಂದ ಹಣ ಕಳುಹಿಸುವುದು ಅಪರಾಧವಾಗಿತ್ತು, ಹಾಗಾಗಿ ಯಾರೋ ಒಣಸೀಗಡಿ ಕಳುಹಿಸಿದರು. ಅದರ ವಾಸನೆಗೆ ಗುಂಡಮ್ಮ ಮೂಗು ಮುಚ್ಚಿಕೊಂಡು, ನಾವು ತಿನ್ನುವುದನ್ನು ನೋಡಿ ನಗುತ್ತಿದ್ದಳು.

ಧೂಳಿನ ವರದಿಗೆ ನನ್ನನ್ನು ಹಚ್ಚಿದರು. ಗಣಿಗಳನ್ನು ಸುತ್ತಿದೆ, ಸತ್ತವರ ಮನೆಗಳಿಗೆ ಹೋದೆ. ಎಲ್ಲಕ್ಕಿಂತ ಹೆಚ್ಚು ಜನ ಕಾಯಿಲೆ ಬಿದ್ದದ್ದು ಭೀಮರಾಯನ ಪಾಲಿಷ್ ಶೆಡ್ಡಿನಲ್ಲಿ. ಭೀಮರಾಯ ಗುಂಡಮ್ಮನ ಒಡಹುಟ್ಟಿದ ತಮ್ಮ. ಈ ಹೆಸರು ಬಿಡೋಣ ಎಂದು ನಮ್ಮಲ್ಲೇ ಕೆಲವರು ಹೇಳಿದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ಮಾಸ್ತರರು ವರದಿಯನ್ನು ಎರಡು ಸಲ ಓದಿ, ಹೆಸರಿನೊಂದಿಗೇ ಪ್ರಕಟಿಸಿದರು.

ಮರುದಿನ ಖಾನಾವಳಿಯಲ್ಲಿ ಗುಂಡಮ್ಮ ನಮಗೆ ಬಡಿಸಿದಳು, ಮಾತಾಡಲಿಲ್ಲ. ಜೋಳದ ಹಣವೂ ಬರಲಿಲ್ಲ. ಹೀಗೇ ವಾರಗಳು ಹೋದವು. ನಾವು ಗಂಟು ಕಟ್ಟಲು ಶುರು ಮಾಡಿದ್ದೆವು. ಒಂದು ಸಂತೆಯ ದಿನ ಅವಳು ಜೋಳದ ಚೀಲವನ್ನೇ ಹೊತ್ತು ತಂದು ಶೆಡ್ಡಿನೊಳಗೆ ಇಳಿಸಿದಳು. ಕಣ್ಣು ಊದಿದ್ದವು.

“ತವರಮನಿ ಬಾಗಲಾ ನನಗ ಮುಚ್ಯದ,” ಎಂದಳು. “ಖರೇನ ಸಿಟ್ಟು ಬಂದಿತ್ರಿ. ಆದ್ರ ಮಾಸ್ತರ, ನನ್ನ ತಮ್ಮನ ಹೆಸರು ನೀವು ಬಿಟ್ಟಿದ್ರ, ನಿಮ್ಮ ಕಡಲಿನ ಸುದ್ದೀನೂ ನಾ ನಂಬ್ತಿದ್ದಿಲ್ಲ.”

ಮಾಸ್ತರರು ಚೀಲವನ್ನು ಎತ್ತಿ ಗೋಡೆಗೆ ಒರಗಿಸಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಭೀಮರಾಯ ಕೊನೆಗೆ ಧೂಳು ಏಳದಂತೆ ಯಂತ್ರಗಳಿಗೆ ನೀರಿನ ಪೈಪು ಹಾಕಿಸಿದ. ನಮ್ಮ ಮೇಲೆ ಪ್ರೀತಿಯಿಂದಲ್ಲ, ಕೆಲಸಕ್ಕೆ ಜನ ಬರುತ್ತಿರಲಿಲ್ಲವಾದ್ದರಿಂದ. ಹಡಗಿನವರು ಕರಾವಳಿ ಬಿಟ್ಟುಹೋದ ವರ್ಷ ಮಾಸ್ತರರು ಮಾಣಿಗಂಡಿಗೆ ಹೊರಟರು. ತಲೆ ಪೂರ್ತಿ ನರೆತಿತ್ತು. ಸಾಮಾನು ಹೇರುವಾಗ ಭೀಮರಾಯ ಬಂದು ಭಾರದ ಪೆಟ್ಟಿಗೆಗಳನ್ನೆಲ್ಲ ತಾನೇ ಎತ್ತಿಟ್ಟು ಹೋದ. ನಾನು ಇಲ್ಲೇ ಉಳಿದೆ. ಪರಸಿಹಾಳಕ್ಕೂ ಒಂದು ಪತ್ರಿಕೆ ಬೇಕಿತ್ತು.

ಪದ್ಮಾವತಿ ಅವರೇ, ನಿಮ್ಮ ಕಾಲದಲ್ಲೂ ಯುದ್ಧಗಳಿವೆ ಎಂದು ಓದಿದ್ದೇನೆ. ಊರು ಕಳೆದುಕೊಂಡ ಸುದ್ದಿಗಾರರು ಎಂದಾದರೂ ನಿಮ್ಮ ಬೀದಿಗೂ ಬಂದಾರು. ಅವರ ಮಾತಿನ ಧಾಟಿ ಬೇರೆಯಿರುತ್ತದೆ, ಊಟದ ವಾಸನೆ ಬೇರೆಯಿರುತ್ತದೆ. ನಿಮ್ಮ ಕೈಲಾದದ್ದು ಕೊಡಿ. ಮೊದಲ ಸಲ ಕೊಡುವುದು ಸುಲಭ. ನಿಮ್ಮವರ ಬಗ್ಗೆಯೇ ಅವರು ಬರೆದ ಮರುದಿನ ಕೊಡುವುದು ಕಷ್ಟ. ಸಿಟ್ಟು ಮಾಡಿಕೊಳ್ಳಿ, ಮಾತು ಬಿಡಿ, ಬೇಕಾದರೆ ವಾರಗಟ್ಟಲೆ ಮುಖ ತಿರುಗಿಸಿ. ಆಮೇಲೆ ಹೋಗಿ ಕೊಟ್ಟು ಬನ್ನಿ.

ಇಷ್ಟು ಕೇಳಿಕೊಳ್ಳುವ ನಿಮ್ಮ,
ಶೇವಂತಿ