ಆತ್ಮಗಳ ಮನೆಯ ಕಸ ಯಾರು ಗುಡಿಸಬೇಕು?

ಸಂಡೂರು ರಸ್ತೆಯ ‘ದೇಶದೇಶದ ಮನೆಗಳು’ ಉದ್ಯಾನದ ಮಾನ್ಯ ಮೇಲಧಿಕಾರಿಗಳೇ,

ನನ್ನ ಹೆಂಡತಿ ಚೆನ್ನಬಸಮ್ಮನ ಕೆಲಸ ಕಿತ್ತು ನನಗೆ ಕೊಟ್ಟಿದ್ದೀರಿ. ನನಗೆ ಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಓದಿ.

ಪಪುವಾ ನ್ಯೂಗಿನಿ ಎಂಬ ದೂರದ ದೇಶದಲ್ಲಿ ಹಿರಿಯರ ಆತ್ಮಗಳಿಗೆಂದು ಊರವರು ಕಟ್ಟುವ ಮನೆಯ ಮಾದರಿಯನ್ನು ಇಲ್ಲಿ ನಿಲ್ಲಿಸಿದಿರಿ. ಬಾನಿಗೆ ಮೂತಿ ಎತ್ತಿದ ಸೂರು, ಎದುರಿಗೆ ಕಣ್ಣು ಕಿಸಿದ ಮುಖಗಳು. ಹುಲ್ಲು ಮೆಟ್ರಿ ಊರಿನದು, ಬಣ್ಣ ಗಣಪತಿ ಮಾಡುವ ಉಚ್ಚೆಂಗಪ್ಪನದು. ಮೂಗು ಉದ್ದ ಇರಲಿ ಎಂದದ್ದಕ್ಕೆ ಅವನು ಸೊಂಡಿಲನ್ನೇ ಇಳಿಸಿದ. ಅದು ನಿಮಗೆ ನಡೆಯಿತು. ಆಮೇಲೆ ನಿಮ್ಮಲ್ಲಿ ಯಾರೋ ಓದಿದರು, ಅಲ್ಲಿ ಇಂಥ ಮನೆಯೊಳಗೆ ಹೆಂಗಸರು ಕಾಲಿಡುವಂತಿಲ್ಲವೆಂದು. ಮೊದಲಿನಿಂದ ಅದನ್ನು ಗುಡಿಸಿದವಳನ್ನು ಹೊರಗೆ ಹಾಕಿ ‘ಹೆಂಗಸರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ನೆಟ್ಟಿರಿ. ಉದ್ಘಾಟನೆಯ ದಿನ ನಿಮ್ಮ ಮನೆಯ ಹೆಂಗಸರು ಒಳಗೆ ಸೆಲ್ಫಿ ತೆಗೆಯುವಾಗ ಆತ್ಮಗಳು ಊಟಕ್ಕೆ ಹೋಗಿದ್ದವೇ? ಅದೇ ಬೋರ್ಡಿನ ಕೆಳಸಾಲು ಹೇಳುತ್ತದೆ: ಕೆಲವು ಊರುಗಳಲ್ಲಿ ಈ ಮನೆಯೇ ತಾಯಿ, ಒಳಗೆ ಹೋಗುವುದೆಂದರೆ ಅವಳ ಹೊಟ್ಟೆಗೆ ಹೋದಂತೆ. ಹಾಗಾದರೆ ಹೆಣ್ಣುಮಕ್ಕಳು ಎಲ್ಲಿಂದ ಬಂದರು ಸ್ವಾಮಿ? ಇನ್ನೊಂದು ಸಾಲಿನಲ್ಲಿ ಗಂಡಸರು ಬೆನ್ನಿಗೆ ಮೊಸಳೆಯ ಚರ್ಮದಂತೆ ಗಾಯ ಕೊಯ್ಸಿಕೊಂಡ ಮೇಲೇ ಒಳಗೆ ಹೋಗುತ್ತಾರೆಂದಿದೆ. ಆ ಅರ್ಧ ಸಂಪ್ರದಾಯ ಯಾಕೆ ಬಿಟ್ಟಿರಿ? ಬಿಟ್ಟಿದ್ದೀರೋ, ನನಗೆಂದು ಇಟ್ಟುಕೊಂಡಿದ್ದೀರೋ? ಈ ಯೋಚನೆಯಲ್ಲಿ ನನಗೆ ಅನ್ನ ಇಳಿಯುತ್ತಿಲ್ಲ.

ಮೇಲ್ವಿಚಾರಕ ನಾಗಭೂಷಣ ಅವರನ್ನು ಕೇಳಿದೆ.

“ಲೇ ಜಂಬಪ್ಪ, ಗಂಡಸು ಅದೀಯಲ್ಲ, ಅಷ್ಟ ಸಾಕು. ಗುಡಿಸು.”

“ಸರ್, ನನಗ ಗುಡಿಸಾಕ ಬರಂಗಿಲ್ರಿ.”

“ಆತ್ಮಗಳೇನ್ ಕಂಪ್ಲೇಂಟ್ ಕೊಡ್ತಾವೇನಲೇ?”

ಅವು ಕೊಡುವುದಿಲ್ಲ, ಆದರೆ ಗೆದ್ದಲು ಹತ್ತಿದೆ. ಆ ಮುಖಗಳಿಗೆ ಹೆದರಿ ನಾನು ಬಾಗಿಲ ಬಳಿಯಷ್ಟೇ ಗುಡಿಸಿ ಓಡಿಬರುತ್ತೇನೆ. ಚೆನ್ನಬಸಮ್ಮ ಅವುಗಳ ಮೂಗು ಒರೆಸಿ, “ನೆಗಡಿ ಆಗೇತೇನಪಾ” ಎಂದು ಮಾತಾಡಿಸುತ್ತಿದ್ದಳು. ಓಣಿಯಲ್ಲಿ ಅವಳನ್ನು ‘ಫಾರಿನ್ ದೇವರ ಪೂಜಾರಮ್ಮ’ ಎನ್ನುತ್ತಿದ್ದರು. ಅವಳು ಸಿಟ್ಟು ಮಾಡಿದಂತೆ ಮಾಡಿ ಒಳಗೊಳಗೇ ಹಿಗ್ಗುತ್ತಿದ್ದಳು. ಈಗ ಓಣಿಯ ನಲ್ಲಿಗೂ ಹೋಗುವುದಿಲ್ಲ. ನಾನು ಮನೆಗೆ ಬಂದರೆ, “ಏನ್ರಿ, ನಿಮ್ಮವ್ವನ ಹೊಟ್ಟಿ ಸ್ವಚ್ಛ ಆತೇನು?” ಎಂದು ಕೇಳಿ ಗೋಡೆಗೆ ಮುಖ ತಿರುಗಿಸುತ್ತಾಳೆ.

ಬೋರ್ಡು ಇಳಿಸಿ, ಕಸಬರಿಗೆ ಅವಳ ಕೈಗೆ ಕೊಡಿ. ಸೋಮವಾರದಿಂದ ನಾನು ಬರುವುದಿಲ್ಲ, ಅವಳು ಬರುತ್ತಾಳೆ. ತಡೆಯುವ ಧೈರ್ಯವಿದ್ದರೆ ನೀವೇ ಬಾಗಿಲಲ್ಲಿ ನಿಂತು ನೋಡಿ. ಮದುವೆಯಾದಾಗಿನಿಂದ ನನಗಂತೂ ಆಗಿಲ್ಲ.

ಇಂತಿ,
ಗಂಡಸಾಗಿ ಹುಟ್ಟಿದ ತಪ್ಪಿಗೆ ಕೆಲಸ ಸಿಕ್ಕವನು,
ಜಂಬಪ್ಪ, ವಡ್ಡು