ತೆರೆದ ಬಾಗಿಲ ಮುಂದೆ ನಿಂತ ಸಿಂಚನಾಳಿಗೆ

ಕೊಪ್ಪಳ, ಸನ್ ಎರಡು ಸಾವಿರದ ನೂರ ಎಪ್ಪತ್ತೊಂದು, ನಮ್ಮ ಕಾಲದ ಹೊಸ ಪಂಚಾಂಗದಂತೆ ಎರಡನೇ ಶ್ರಾವಣದ ಮೂವತ್ತೇಳನೇ ದಿನ.

ಹದಿನೆಂಟರ ಹುಡುಗಿಯಾದ ನನ್ನ ಮುತ್ತಜ್ಜಿ ಸಿಂಚನಾ ಹೂಗಾರಳಿಗೆ, ನಿನ್ನ ಮರಿಮೊಮ್ಮಗ, ಅರವತ್ತರ ಮುದುಕ, ನಾಟಕ ಕಂಪನಿಯ ಗವಿಸಿದ್ದನ ಸಾಷ್ಟಾಂಗ ನಮಸ್ಕಾರ! ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸು. ಇಷ್ಟು ವರ್ಷಗಳಲ್ಲಿ ಭಾಷೆಯೂ ವೇಷ ಬದಲಿಸಿದೆ. ಮೇಲಾಗಿ ರಂಗದ ಮೇಲೆ ಬೆಳೆದವನಿಗೆ ಪಿಸುಮಾತು ಬರುವುದಿಲ್ಲ.

ನಮ್ಮ ಓಣಿಯಲ್ಲೊಂದು ನೆನಪುಗನ್ನಡಿ ಇದೆ. ಅಂದರೆ, ಹಿಂದಿನವರು ಬಾಳಿದ ದಿನಗಳನ್ನು ಇದ್ದದ್ದು ಇದ್ದಂತೆ ತೋರಿಸುವ, ಬಾವಿಯಗಲದ ಗಾಜು. ಸಂಜೆ ಬಿಸಿಲೊಲೆಯ ಮೇಲೆ, ಎಂದರೆ ಹಗಲ ಬಿಸಿಲನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಕಲ್ಲಿನ ಮೇಲೆ, ರೊಟ್ಟಿ ಸುಟ್ಟುಕೊಂಡು ಮಂದಿಯೆಲ್ಲ ಅದರ ಸುತ್ತ ಕೂಡುತ್ತಾರೆ. ಈ ವಾರ ನಿನ್ನ ಸರದಿ: ಅಮೆರಿಕದ ಆ ಪುಟ್ಟ ಕಾಲೇಜು, ನಿನ್ನ ಮೊದಲ ವಾರ. ಕವಿತೆ ಓದುವವರೂ ಗಣಿತ ಕಲಿಯಬಹುದಾದ, ಯಾರು ಯಾವ ಪಾಠವನ್ನಾದರೂ ಆರಿಸಿಕೊಳ್ಳಬಹುದಾದ ಕಾಲೇಜಂತೆ ಅದು. ನೀನು ಆರಿಸಿದ್ದು ಕಲ್ಲುಗಳ ಪಾಠ. ತೂಕ ಹೆಚ್ಚಾಗುತ್ತದೆಂದು ಅವ್ವ ಬೈದರೂ ನಮ್ಮೂರ ಗುಡ್ಡದ ಎರಡು ಕಲ್ಲನ್ನು ಸೂಟ್‌ಕೇಸಿನಲ್ಲಿ ತುರುಕಿಕೊಂಡು ಹೋದವಳಲ್ಲವೇ ನೀನು! ಆದರೆ ಆ ತರಗತಿ ತುಂಬಿತ್ತು. ಶುಕ್ರವಾರ ನಾಲ್ಕು ಗಂಟೆಯೊಳಗೆ ಆ ಪಾಠ ಕಲಿಸುವ ಮಾರ್ಥಾ ಮೇಡಂ ಫಾರಂಗೆ ಸಹಿ ಹಾಕಿದರೆ ಮಾತ್ರ ನಿನಗೆ ಜಾಗ.

ಆಹಾ, ಆಮೇಲಿನ ಅಂಕವನ್ನು ಏನೆಂದು ಬರೆಯಲಿ! ಬುಧವಾರ, ಗುರುವಾರ, ಶುಕ್ರವಾರ, ಮೂರು ದಿನವೂ ಫಾರಂ ಎದೆಗೊತ್ತಿಕೊಂಡು ಅವರ ಕೋಣೆಯ ಹೊರಗೆ ನಿಂತೆ. ಬಾಗಿಲು ತೆರೆದೇ ಇತ್ತು. ಒಳಗೆ ಅವರು ಕಾಫಿ ಹೀರುತ್ತ ಒಬ್ಬರೇ ಕೂತಿದ್ದರು. ಗುರುಗಳು ಕರೆಯದೆ ಒಳಗೆ ಕಾಲಿಡಬಾರದೆಂದು ನೀನು ಕಾದೆ. ತೆರೆದ ಬಾಗಿಲೇ ಕರೆಯೆಂದು ಅವರು ಕಾದರು. ಪಕ್ಕದ ಮನೆಯ ದ್ಯಾಮವ್ವ ಗಾಜಿನತ್ತ ರೊಟ್ಟಿ ಬೀಸಿ, “ಅಯ್ಯ ನಮ್ಮವ್ವ, ಬಾಗಲಾ ತೆರದೈತಿ, ಹೋಗಬಾರದೇನ! ಕಾಲಿಗೆ ಮೊಳಿ ಬಡದಾರೇನ?” ಎಂದಳು. ನಾನು ಭೀಮನ ಪಾತ್ರದ ಕಂಠದಲ್ಲಿ ಗರ್ಜಿಸಿದೆ. ಕನ್ನಡಿಯಲ್ಲಿ ಕಾಣಿಸುತ್ತದೆಯೇ ಹೊರತು, ಈ ಕಡೆಯ ಕೂಗು ಆ ಕಡೆ ಹೋಗುವುದಿಲ್ಲ.

ಶುಕ್ರವಾರ ಮೂರೂಮುಕ್ಕಾಲಿಗೆ ಅವರೇ ಎದ್ದು ಬಂದರು. ಏನಾದರೂ ಬೇಕಿತ್ತಾ ಎಂದು ನಗುತ್ತ ಕೇಳಿದರು. ನೀನು, ನನ್ನ ತಾಯೇ, “ಏನಿಲ್ಲ ಮೇಡಂ, ಏನಿಲ್ಲ” ಎಂದೆ! ಊರಲ್ಲಾಗಿದ್ದರೆ ಯಾವ ಮಾಸ್ತರಾದರೂ, “ಏನಿಲ್ಲ ಅಂದ್ರ ಇಷ್ಟೊತ್ತು ಯಾಕ ನಿಂತಿ? ಬಾ ಒಳಗ” ಎಂದು ಗದರುತ್ತಿದ್ದರು. ನೀನು ಕಾದದ್ದು ಆ ಎರಡನೇ ಮಾತಿಗೆ. ಪಾಪ, ಅವರು ನಿನ್ನ ಮೊದಲ ಮಾತನ್ನೇ ನಂಬಿದರು. ಕೋಟು ಹಾಕಿಕೊಂಡು ಬೀಗ ಹಾಕಿದರು. ನೀನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಅದಕ್ಕೇ ಈ ಕಾಗದವನ್ನು ಹಿನ್ನಡೆ ಅಂಚೆಗೆ ಹಾಕುತ್ತಿದ್ದೇನೆ. ಕಾಲದಲ್ಲಿ ಹಿಂದಕ್ಕೆ ಸಾಗುವ ಟಪಾಲು ಅದು. ನಿನ್ನ ಬದುಕಿನೊಳಗೆ ಎಂದಾದರೂ ತಲುಪಿಸುತ್ತಾರಂತೆ. ದಿನದ ಖಾತ್ರಿ ಮಾತ್ರ ಕೊಡುವುದಿಲ್ಲ. ಗುರುವಾರವೇ ಸಿಕ್ಕರೆ, ಕೈಮುಗಿದು ಬೇಡುತ್ತೇನೆ, ಕರೆಯದಿದ್ದರೂ ಒಳಗೆ ಹೋಗಿಬಿಡು. ನಿನ್ನ ಎಂಬತ್ತನೇ ವಯಸ್ಸಿಗೆ ಸಿಕ್ಕರೆ, ಈ ಮುದುಕನ ಮಾತಿಗೆ ನೊಂದುಕೊಳ್ಳಬೇಡ.

ಸಂಜೆ ಮತ್ತೆ ನಿನ್ನ ಶುಕ್ರವಾರವನ್ನೇ ತೋರಿಸುತ್ತಾರಂತೆ. ಗಂಟಲಿಗೆ ಬಿಸಿನೀರು ಕುಡಿದು, ಮತ್ತೆ ಕೂಗಲು ಹೊರಟಿದ್ದೇನೆ.